ಹಕ್ಕರಕಿ

ಒದ್ದಿ ಅರಿವ್ಯಾಗ ಸುತ್ತಿ ತಂದಿದ್ಲು ಅಕ್ಕ ಫಕೀರವ್ವ,
ಅಣ್ಣಿಗೇರಿಯಿಂದ ಹುಬ್ಬಳ್ಳಿತನಕ ತೊಡಿಮ್ಯಾಲ ಇಟಗೊಂಡು.
ಕಡ್ಲಿ ಸಾಲಿನ ನಡುವ ತಾನಾಗೇ ಹುಟ್ಟಿದ್ದು,
ಯಾರೂ ಬಿತ್ತಿದ್ದಲ್ಲ.
ಬಾಡಬಾರದಂತ ಬಸ್ ಸ್ಟ್ಯಾಂಡಿನ ನಳದ ನೀರು
ದಾರ್ಯಾಗ ಎರಡು ಸಲ ಚಿಮುಕಿಸಿದ್ಲಂತ.

ಎರಡು ವರ್ಷದ ಹಿಂದ
ಇದೇ ಅಕ್ಕ ತನ್ನ ಕಿಡ್ನಿ ಒಂದು ನನಗ ಕೊಟ್ಟಾಕಿ.
ಸಹಿ ಮಾಡೂ ಮುಂದ ಡಾಕ್ಟರ್‌ಗೆ ಕೇಳಿದ್ದು ಒಂದ ಮಾತು:
‘ಆಮ್ಯಾಲ ಕಳೆ ತಗ್ಯಾಕ ಬಗ್ಗಾಕ ಬರ್ತೈತೇನ್ರಿ?’

ಹಸೀದು ಬ್ಯಾಡ ಅಂತ ಅಡಗಿಮನಿ ಗ್ವಾಡಿಗೆ
ಚೀಟಿ ಹಚ್ಯಾಳ ಮಹಾನಂದಾ.
ಹಸಿ ಉಳ್ಳಾಗಡ್ಡಿ, ಹಸಿ ಮೆಂತೆ, ಕಾಸದ ಹಾಲು, ನಿಂತ ನೀರು.
ಎಂಟು ದಿನಕ್ಕೊಮ್ಮೆ ನಳ ಬರೂ ಓಣ್ಯಾಗ
ನಿಲ್ಲದ ನೀರು ಎಲ್ಲಿಂದ ತರಬೇಕು?
ಕುದಿಸಿ, ಆರಿಸಿ, ಸೋಸಿ, ಮುಚ್ಚಿ ಇಡತಾಳ.
ಆಕಿ ಕೊಡದಿದ್ರ ನನಗ ನೀರಡಿಕಿನೂ ಆಗೂದಿಲ್ಲ.

ಆವತ್ತು ನಳ ಬಂದಿತ್ತು. ಆಕಿ ಹೊರಗ, ಕೊಡದ ಸಾಲಿನ್ಯಾಗ.
ರೊಟ್ಟಿ ಬಿಸಿ ಇತ್ತು, ಗುರೆಳ್ಳ ಹಿಂಡಿ ಇತ್ತು,
ಅಕ್ಕ ಎದುರಿಗೆ ಕುಂತು ನನ್ನ ಬಾಯಿ ನೋಡತಿದ್ಲು.
ಒಂದ ಎಲಿ ಅಂದೆ.
ಮೊದಲ ಕಹಿ, ನಾಲಿಗಿ ಹಿಂದ ಸಣ್ಣ ಸಿಹಿ.
ಆಮ್ಯಾಲ ಒಂದು ಹಿಡಿ.

ಮೂರನೇ ದಿನ ನಸುಕಿನ್ಯಾಗ ಕರಳು ಹಿಂಡಿತು.
ಹದಿನಾಲ್ಕರತನಕ ಎಣಿಸಿ ಬಿಟ್ಟೆ.
ಆಟೋದಾಗ ಮಡಿಲಿಗೆ ಬಕೀಟು, ತಲಿ ಮಹಾನಂದಾನ ಹೆಗಲಿಗೆ.

ನಾನು ತಕ್ಕಡಿ ರಿಪೇರಿಯವ, ದುರ್ಗದಬೈಲಿನ ಹಿಂದ.
ಒಂದು ಪರಡಿ ಹಗುರಾದ್ರ
ಎಷ್ಟು ಪಾಸಂಗ ಕಟ್ಟಬೇಕು, ಕೈಗೆ ಗೊತ್ತು.
ಡಾಕ್ಟರ್ ಮೆಹಜಬೀನ್ ಗುಳಿಗಿ ಅರ್ಧ ಮುರಿದು ತೋರಿಸಿದ್ರು:
‘ಕಡಿಮಿ ಮಾಡಿದ್ರ ಕಿಡ್ನಿ ಮುನಿಸ್ಕೋತೈತಿ,
ಹೆಚ್ಚಾದ್ರ ಈ ಹುಳ ಹೊಟ್ಟಿಬಿಟ್ಟು ರಕ್ತಕ್ಕ ಇಳಿತಾವು.’
ಮೈಯೊಳಗಿಂದೆಲ್ಲಾ ಹೊರಗ ಹರದು ಹೋಗೂ ಮುಂದನೂ
ಇದೊಂದು ಗುಳಿಗಿ ರಕ್ತದಾಗ ಏರಕೋತ ಹೊಂಟಿತ್ತಂತ.
ಅಂಥಾ ತಕ್ಕಡಿ ನಾ ನೋಡಿದ್ದಿಲ್ಲ.

ಡಬ್ಬ್ಯಾಗ ಕೊಟ್ಟಿದ್ದನ್ನ ಮೂರು ದಿನ ಬೆಳೆಸಿ ನೋಡಿದ್ರು.
ಬಿತ್ತದ ಬೆಳಿ ಅದೂ. ಚಲೋ ಬಂದಿತ್ತು.
ಸಾಲ್ಮೊನೆಲ್ಲಾ ಅಂತ ಹೆಸರು. ಹೆಣ್ಣುಮಗಳ ಹೆಸರಿನಂಗ ಕೇಳತೈತಿ.

‘ಏನು ತಿಂದ್ರಿ?’ ಡಾಕ್ಟರ್ ಕೇಳಿದ್ರು.
ಮಂಚದ ಕಾಲಬದಿ ಅಕ್ಕ ನಿಂತಿದ್ಲು, ಸೆರಗು ಬಾಯಿಗೆ ಒತ್ತಿ.
‘ಗಿರಮಿಟ್ಟು’ ಅಂದೆ. ‘ಗಾಡಿ ಮ್ಯಾಲಿಂದು.’
ಸಲಾಯಿನ್ ಹನಿ ಒಂದು ಬಿತ್ತು. ಇನ್ನೊಂದು ಬಿತ್ತು.
ಆಕಿ ಸೆರಗು ಕೆಳಗ ಬಿಟ್ಲು.

ಹನ್ನೊಂದು ದಿನಕ್ಕ ಮನಿಗೆ ಬಂದೆ.
ಹನ್ನೆರಡನೇ ದಿನ ಮಹಾನಂದಾ ಹೋಗಿ
ಮಾಬೂಸಾಬನ ಗಾಡಿ ಮುಂದ ನಿಂತು,
ಇಡೀ ಓಣಿ ಕೇಳೂವಂಗ ಅವನ ಮರ್ಯಾದಿ ತಗದು ಬಂದ್ಲು.
ಪಾಪ, ಅವ ಮರುದಿನ ಚುರಮುರಿ ಮ್ಯಾಲ ಜಾಳಿಗಿ ಹೊಚ್ಚಿದ,
ಕೈಗೆ ಚೀಲ ಹಾಕ್ಕೊಂಡ.
ಅವನ ಗಾಡಿಗೆ ನಾನು ಒಂದು ವರ್ಷ ಬಾಯಿ ಹಚ್ಚಿದ್ದಿಲ್ಲ.
ಪುಕ್ಕಟೆ ಸರಿ ಮಾಡಿಕೊಡೋಣಂದ್ರ ತಕ್ಕಡೀನೂ ಇಲ್ಲ ಅವನ ಹತ್ರ,
ಮುಷ್ಟಿಯಿಂದ ಅಳೀತಾನ.
ಈಗ ಬ್ಯಾರೆ ಸಂದಿಯಿಂದ ಅಂಗಡಿಗೆ ಹೋಗತೀನಿ.

ನಿನ್ನಿ ಅಕ್ಕನ ಫೋನು.
ಗಾಳಿ ಸಪ್ಪಳದ ನಡುವ ಆಕಿ ದನಿ:
‘ಗುದ್ಲೂ, ಈ ಸಲ ಹಕ್ಕರಕಿ ಭಾಳ ಐತೋ. ತರಲೇನು?’

ಬಲಗಡೆ ಕಿಬ್ಬೊಟ್ಟಿಮ್ಯಾಲ ಕೈ ಇಟಗೊಂಡು ನಿಂತೆ.
ಬ್ಯಾಡ ಅಂದ್ರ ಗೊತ್ತಾಗತೈತಿ. ತಾ ಅಂದ್ರ ಬರತೈತಿ.
ಬಾಯಿಗೆ ಬಂದಿದ್ದು ಬ್ಯಾರೇನ:
‘ಅಕ್ಕಾ, ನಿನಗ ಬಗ್ಗಾಕ ಬರ್ತೈತೇನು?’

‘ಬರ್ತೈತಲ್ಲೋ,’ ಅಂದ್ಲು. ‘ಈಗ ಬಗ್ಗೇ ನಿಂತೀನಿ.’