ನಂಜು

ಎರಡು ದಿನ ನೋಡಿ ಬಿಸಾಡುವುದು ನಮ್ಮ ಲ್ಯಾಬಿನ ವಾಡಿಕೆ.
ಏನೂ ಬೆಳೆದಿಲ್ಲ ಎಂದು ಸೀಲು ಒತ್ತಿ
ಪ್ಲೇಟನ್ನು ಹಳದಿ ಚೀಲಕ್ಕೆ.
ಆ ಶನಿವಾರ ನನಗೆ ಮಂಡ್ಯದಿಂದ ಮದ್ದೂರಿನ ಪುಶ್‌ಪುಲ್ ಹಿಡಿಯುವ ಅವಸರ,
ಮರೆತೆ.

ಬುಧವಾರ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ
ಕೆಳಗಿನ ಅರೆಯಲ್ಲಿ, ಗಸಗಸೆ ಚೆಲ್ಲಿದ ಹಾಗೆ,
ಒಣಕಲು ಬಿಳಿ ಚುಕ್ಕಿಗಳು. ಇಪ್ಪತ್ತೋ ಇಪ್ಪತ್ತೆರಡೋ.
ಹೆಸರು ಮನ್ವಿತ್. ಏಳು ವರ್ಷ. ಊರು ಕಿರುಗಾವಲು.
ಹರ್ನಿಯಾ ಹೊಲಿಗೆ, ಕೀವು, ಆರನೇ ವಾರ.

ಆರು ವಾರದಲ್ಲಿ ಮೂರು ಔಷಧಿ ಬದಲಾಗಿ,
ಒಮ್ಮೆ ಬಿಚ್ಚಿ ಮತ್ತೆ ಹೊಲಿದು,
ಮುಚ್ಚಿಕೊಂಡಂತೆ ನಟಿಸಿದ ಗಾಯ
ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯುತ್ತಿತ್ತು.

ಅಷ್ಟೂ ದಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ
ವಿಚಾರಣೆ ನಡೆದದ್ದು ಅವನ ತಾಯಿ ಶಶಿರೇಖಳದು:
"ಬದ್ನೇಕಾಯ್ ಇಕ್ದಲ್ಲ ಕನವ್ವ, ನಂಜಾಯ್ತದೆ ಅಂದಿರ್ನಿಲ್ವಾ?"
ಅತ್ತೆ. ಅತ್ತೆಯ ತಂಗಿ. ಪಕ್ಕದ ಮಂಚದವಳು ಕೂಡ.
ಅವಳು ಮಾತಾಡಲಿಲ್ಲ. ಮಗನ ಚಡ್ಡಿಯ ಲಾಡಿ
ಗಾಯಕ್ಕೆ ತಾಗದಂತೆ
ಮಡಚಿ ಹಿಡಿದು ಕೂತಿದ್ದಳು.

ಬಣ್ಣ ಹಾಕಿದೆ, ಆಮ್ಲ ಸುರಿದೆ, ಬಿಡಲಿಲ್ಲ ಬಣ್ಣ.
ನೀಲಿಯ ಮೇಲೆ ಕೆಂಪು ಕಡ್ಡಿಗಳು:
ಕ್ಷಯದ ದೂರದ ನೆಂಟರು, ಕ್ಷಯವಲ್ಲ.
ಇವಕ್ಕೆ ಮನುಷ್ಯರೇ ಬೇಕೆಂದೇನಿಲ್ಲ,
ತೊಟ್ಟಿ, ನಲ್ಲಿಯ ಮೂತಿ, ಪೈಪಿನೊಳಗಿನ ಲೋಳೆ ಸಾಕು.
"ಕತ್ತರಿ ಚಿಮಟ ತೊಳೆದ ನೀರಿರಬೇಕು,"
ಅಂದರು ಡಾಕ್ಟರ್ ಪೊನ್ನಪ್ಪ, ಫೋನಿನಲ್ಲಿ,
ಪಕ್ಕದಲ್ಲಿ ಯಾರೋ ಇದ್ದಂತೆ ದನಿ ತಗ್ಗಿಸಿ.

ನೀರು.
ಗದ್ದೆಗೂ ಅದೇ, ಗಾಣದ ಕಬ್ಬಿಗೂ ಅದೇ,
ಹೆಸರಿಟ್ಟ ದಿನ ಇವನ ತುಟಿಗೆ ತಾಗಿಸಿದ್ದೂ ಅದೇ.
ಅದನ್ನು ಏನೆಂದು ಬೈಯಲಿ?
ಕುದಿಸದವರು ನಾವು.

ರಿಪೋರ್ಟಿನಲ್ಲಿ ಒಂದು ಉದ್ದದ ಹೆಸರು ಬರೆದೆ,
ಕೇಳುವ ಔಷಧಿ ಎರಡು, ಕೇಳದವು ಒಂಬತ್ತು.
ಇನ್ನು ನಾಲ್ಕೈದು ತಿಂಗಳು ಮಾತ್ರೆ ನುಂಗಬೇಕು ಹುಡುಗ.
ಬದನೆಕಾಯಿಗೆ ನಮ್ಮಲ್ಲಿ ಕಾಲಂ ಇಲ್ಲ.

ಕಿಟಕಿಯಲ್ಲಿ ಕಾಗದ ಕೊಡುವಾಗ, ಹಿಂದೆ ನಿಂತ ಅತ್ತೆಗೂ ಕೇಳಲೆಂದು
ತುಸು ಜೋರಾಗಿಯೇ ಹೇಳಿದೆ:
"ತಿಂದದ್ದರಿಂದ ಬಂದದ್ದಲ್ಲ ಇದು."

ಶಶಿರೇಖ ಕಾಗದ ತಿರುಗಿಸಿದಳು,
ಹಿಂದುಗಡೆ ಏನಾದರೂ ಇದೆಯೇನೋ ಎಂದು.
"ಅದ್ನೂ ಬರ್ದ್‌ಕೊಡಿ ಮೇಡಂ," ಅಂದಳು,
"ಸೀಲ್ ಒತ್ತಿ."