ಬಿಟ್ಟ ಮೊಳೆ

ಇಂಟರ್ವಲ್‌ನ್ಯಾಗ ಕಳಕಪ್ಪ ಮಾಸ್ತರು
ಮಿರ್ಚಿ ಭಜಿಯ ಎಣ್ಣಿ ಹಾಳಿಗೆ ಒರೆಸಿಕೊಂತ ಅಂದರು:
"ಕಾದಂಬರಿ ಕೊಂದಾರ್ರೀ.
ಇನ್ನೂರಾ ಹದಿನಾಲ್ಕನೇ ಪುಟದಾಗ ಮಳಿ ಎಲ್ಲೈತ್ರಿ?"

ನಾ ಹೂಂ ಅಂದೆ.
ಆ ಪುಟ ನನಗಿಂತ ಚಲೋ ಬಲ್ಲವರು
ಗದಗ ಬೆಟಗೇರಿ ಎರಡೂ ಜಾಲಾಡಿದರೂ ಸಿಗೂದಿಲ್ಲ.
ನಾ ಅದನ್ನ ಓದಿಲ್ಲ, ಜೋಡಿಸೇನಿ.
ಒಂದೊಂದು ಮೊಳೆ ಹೆಕ್ಕಿ, ತಲೆಕೆಳಗ, ಕನ್ನಡಿಯೊಳಗಿನ ಹಂಗ,
ಎಡಗೈಯಾಗ ಸ್ಟಿಕ್ಕು, ಬಲಗೈ ಉಗುರಿನಾಗ ಸೀಸದ ಕಪ್ಪು.
ಮಾಸ್ತರು ಎರಡು ರಾತ್ರಿಗೆ ಮುಗಿಸಿದ್ದನ್ನ
ನಾ ಐದು ತಿಂಗಳು ಹೊತ್ತೇನಿ.

ಪುಟದ ಕಡೀ ಸಾಲು:
ಗುರುಸಿದ್ದವ್ವ ಬಾಗಿಲಲ್ಲಿ ನಿಂತು ನೆನೆದಳು.
ಅಷ್ಟಽ. ಯಾರನ್ನ, ಯಾತಕ್ಕ, ಇಲ್ಲ.
ಮಾಸ್ತರು ಕ್ಲಾಸಿನಾಗ ಆ ಒಂದು ಸಾಲಿಗೆ ಒಂದು ತಾಸು ತಗೋತಿದ್ದರಂತ:
"ಕರ್ಮಪದ ಬಿಟ್ಟಾರ ನೋಡ್ರಿ, ಅದಽ ಕಲೆ."

ಸಿನಿಮಾದವ ಬ್ಯಾರೆ ಓದ್ಯಾನ.
ನೆನೆದಳು ಅಂದರ ತೊಯ್ದಳು.
ಮೂರು ಟ್ಯಾಂಕರ್ ನೀರು ತರಿಸಿದ,
ಹನ್ನೆರಡು ದಿನಕ್ಕೊಮ್ಮೆ ನಳ ಬರೂ ನಮ್ಮ ಓಣಿಗೆ,
ಎಪ್ರಿಲ್ ತಿಂಗಳದಾಗ.
ಪೈಪಿನ ಮಳಿ ಬೀಳತಿದ್ದರ
ಹೆಣ್ಣಮಕ್ಕಳು ಕೊಡ ತಂದು ಕ್ಯಾಮೆರಾದ ಹಿಂದ ಪಾಳಿ ಹಚ್ಚಿದರು,
ಗಟಾರಕ್ಕ ಹರಿಯೂ ಮಳಿ ಹಿಡಕೊಂಡರು.
ಎರಡು ಕೊಡ ನಮ್ಮನಿಗೂ ಬಂತು.
ಆ ಮಳಿಯಾಗ ನಾ ಅಂಗಿ ಒಗದೇನಿ.

ಪರದೆ ಮ್ಯಾಲೆ ಕೊಡ ಇಲ್ಲ, ಪಾಳಿ ಇಲ್ಲ.
ಬಾಗಿಲು, ಹೊಸ್ತಿಲು, ಆಕಿ.
ಪುಸ್ತಕದಾಗ ಆಕಿಗೆ ನಲವತ್ತೆಂಟು, ಮೂಗಿನ ಬಾಜು ನರೂಲಿ;
ಇಲ್ಲಿ ಇಪ್ಪತ್ತಾರು, ನರೂಲಿ ಬಿಟ್ಟಾರ.
ಹನ್ನೊಂದು ಪುಟದ ಭಾಗದ ಜಗಳ
ಒಂದು ತಾಟು ಬಿದ್ದ ಸಪ್ಪಳಕ್ಕ ಮುಗೀತು.
(ಚಲೋನ ಆತು ಬಿಡ್ರಿ. ಆ ಜಗಳಕ್ಕ 'ಳ್ಳ' ಮೊಳೆ ಸಾಲದಽ
ಹುಬ್ಬಳ್ಳಿಗೆ ಆಳು ಓಡಿಸಿದ್ದೆವು.)

ಮಾಸ್ತರಿಗೆ ಹೇಳದ ಮಾತು ಒಂದೈತಿ.
ಕೈಬರಹದಾಗ ಒಂದು ಪದ ಜಾಸ್ತಿ ಇತ್ತು:
ಬಾಗಿಲಲ್ಲಿ ನಿಂತು ಅವ್ವನ ನೆನೆದಳು.
ಅವತ್ತು ಕರೆಂಟು ಹೋಗಿ ಕಂದೀಲು ಹಚ್ಚಿದ್ದೆವು.
ಸಾಲು ಅಳತಿ ಮೀರತಿತ್ತು. ಒಂದು ಪದ ಕೆಳಗಿಳಿದರ
ಪುಟ ಜಿಗಿದು, ಕಟ್ಟಿದ್ದೆಲ್ಲಾ ಬಿಚ್ಚಿ ಮತ್ತ ಕಟ್ಟಬೇಕು.
ಅ, ವ್ವ, ನ.
ಮೂರು ಮೊಳೆ ತಗದು ಕೇಸಿಗೆ ಒಗದೆ,
ಟಕ್, ಟಕ್, ಟಕ್, ತಮ್ಮ ತಮ್ಮ ಮನಿಗೆ ಬಿದ್ದವು.
ಪ್ರೂಫಿನಾಗ ಹಿಡೀತಾರ, ನಾಳೆ ನೋಡೂಣು ಅಂತ ಮಲಗಿದೆ.

ಬರೆದವರು ಬಂದರು. ಧೋತರದ ಮ್ಯಾಲೆ ಚಹಾ ಚೆಲ್ಲಿಕೊಂಡರು.
ಆ ಸಾಲಿನ ಬುಡಕ ಪೆನ್ಸಿಲ್ ಇಟ್ಟು ಭಾಳ ಹೊತ್ತು ಕುಂತರು.
ನನ್ನ ಕಡೆ ನೋಡಿದರು.
ಗೀಟು ಹಾಕಲಿಲ್ಲ. ಪುಟ ತಿರುವಿದರು.
ಅವರು ಹೋಗಿ ಹತ್ತೊಂಬತ್ತು ವರ್ಷ. ಪ್ರೆಸ್ಸೂ ಹೋತು,
ಸೀಸ ತೂಕದ ಮ್ಯಾಲೆ ಮಾರಿದರು.
ಅದಕ್ಕ ಮಾಸ್ತರು ಕಲೆ ಅಂತಾರ.
ನಾ ಹೂಂ ಅಂತೀನಿ.

ಪಿಚ್ಚರ್ ಬಿಟ್ಟಿತು. ಟಾಂಗಾಕೂಟದ ತನಕ ನಡಕೊಂತ ಬಂದೆವು.
ನೀಲಗಂಗವ್ವ, ನನ್ನ ಹೇಣ್ತಿ, ಅಕ್ಷರ ಬಾರದಾಕಿ,
ಸೆರಗಿಲೆ ಮೂಗು ಒರೆಸಿಕೊಂತ ಹಿಂದ ಬರತಿದ್ದಳು.
"ಯಾಕ?" ಅಂದೆ.
"ಪಾಪ, ಆಕೀಗೆ ಅವ್ವನ ನೆನಪಾಗಿತ್ತಲ್ಲ."
"ಯಾರು ಹೇಳಿದರ ನಿನಗ? ಪಿಚ್ಚರಿನಾಗ ಅವ್ವ ಅನ್ನೂ ಮಾತಽ ಇಲ್ಲ."
"ಅದನ್ನೂ ಹೇಳಬೇಕೇನು?
ಅಷ್ಟು ತೊಯ್ಕೊಂಡು ಹೊಸ್ತಿಲದಾಗಽ ನಿಂತಾಳ,
'ಒಳಗ ಬಾರಽ ಯವ್ವಾ' ಅನ್ನಾಕ ಒಬ್ಬರಿಲ್ಲ."

ಮಾಸ್ತರು ಇನ್ನೂ ಬೈಯಾಕತ್ತಿದ್ದರು.
ಓಣಿ ತಿರುವಿನಾಗ ನಳ ಬಂದ ಸಪ್ಪಳ.
ಆಕಿ ಅಳೂದು ಅರ್ಧಕ್ಕ ಬಿಟ್ಟು,
ಚಪ್ಪಲಿ ಕೈಯಾಗ ಹಿಡಕೊಂಡು
ಕೊಡ ಇಡಾಕ ಓಡಿದಳು.