ಮಾತು ಕೊಡುವವನು

ಸುಂಟಿಕೊಪ್ಪದಲ್ಲಿ ಹಳಬರು ನಾಲ್ಕು ಜನ ಸೇರಿದರೂ
ನಮ್ಮ ನಾಟಕಗಳ ಹೆಸರು ಯಾರ ಬಾಯಿಗೂ ಬರುವುದಿಲ್ಲ.
ಗುಂಡು ಹೊಡೆದದ್ದು ಅನ್ನುತ್ತಾರೆ, ಮೀಸೆ ಬಿದ್ದದ್ದು,
ಕರೆಂಟು ಹೋಗಿ ಬರದೇ ಇದ್ದದ್ದು.
ಮತ್ತೆ ಸ್ವಲ್ಪ ಹೊತ್ತು ಬಿಟ್ಟು,
ಫೆಲ್ಸಿ ನರ್ಸು ನಿಂತದ್ದು.

ಬರೆದವನು ಕೇಳಿದ್ದರೆ ಅತ್ತೇಬಿಡುತ್ತಿದ್ದ.
ಚಂಗಪ್ಪ. ಕಾಫಿ ತೋಟದ ರೈಟರು;
ಹುದ್ದೆಯ ಹೆಸರನ್ನೇ ನಂಬಿ ನಾಟಕಕ್ಕೆ ಕೈ ಹಾಕಿದ.
ನಾನು ಅಂಚೆಯವನು.
ಹಗಲು ಪರರ ಮಾತನ್ನು ಮನೆಮನೆಗೆ ಮುಟ್ಟಿಸಿ
ರಾತ್ರಿ ಗೋಣಿಪರದೆಯ ಮಗ್ಗುಲಲ್ಲಿ
ಟಾರ್ಚು ಹಿಡಿದು ಸ್ಟೂಲಿನ ಮೇಲೆ ಕೂತು
ಮರೆತವರಿಗೆ ಮಾತು ಕೊಡುತ್ತಿದ್ದೆ.
ಹತ್ತೊಂಬತ್ತು ವರ್ಷ. ಒಮ್ಮೆಯೂ ಬಣ್ಣ ಹಚ್ಚಲಿಲ್ಲ.
ಮುಂದಿನ ಎರಡು ಸಾಲಿಗೆ ಎಲ್ಲ ಎರಡೆರಡು ಸಲ ಕೇಳುತ್ತಿತ್ತು;
ಅಲ್ಲಿ ಟಿಕೆಟ್ಟಿಗೆ ಎಂಟಾಣೆ ಜಾಸ್ತಿ.

ಗುಂಡು ಹೊಡೆದದ್ದಕ್ಕೆ 'ಗಡಿಕಾವಲು' ಎಂದು ಹೆಸರು,
ನಾನಾದರೂ ಹೇಳಬೇಕು.
ಮೂರನೇ ಅಂಕದಲ್ಲಿ ಪಟಾಕಿ ಹಚ್ಚುವುದು ಟೈಲರ್ ಹಂಝನ ಕೆಲಸ.
ಪಟಾಕಿಗೆ ಥಂಡಿ ಹಿಡಿದಿತ್ತು.
ಎರಡು ಸಲ ಸತ್ತು ಬಿದ್ದ ದೇವಯ್ಯ
ಎರಡು ಸಲವೂ ಎದ್ದು ನಿಂತ.
ಪುತ್ತರಿಯ ವಾರ. ಕದಿರಿಗೆ ಹಾರಿಸಿದ ಕೋವಿ
ಹಿಂದಿನ ಬೆಂಚಿನ ಅಜ್ಜನ ಹೆಗಲಲ್ಲೇ ಇತ್ತು.
ನೋಡಲಾರದೆ ಅವರು
ಸೂರಿಗೆ ಗುರಿಯಿಟ್ಟು ಸಹಾಯ ಮಾಡಿದರು.
ದೇವಯ್ಯ ಮೂರನೇ ಸಲ ಸತ್ತಷ್ಟು ಚೆನ್ನಾಗಿ
ಯಾರೂ ಸತ್ತದ್ದನ್ನು ನಾನು ಕಂಡಿಲ್ಲ.
ತಗಡಿನಲ್ಲಿ ತೂತು ಉಳಿಯಿತು.
ಮುಂದಿನ ವರ್ಷ ರಿಹರ್ಸಲ್ಲಿನ ಮಧ್ಯಾಹ್ನ
ನಾಣ್ಯದಷ್ಟು ಬಿಸಿಲು ಅದರಿಂದ ಇಳಿದು
ಮುಖದಿಂದ ಮುಖಕ್ಕೆ ದಾಟುತ್ತಿತ್ತು,
ಯಾರ ಸರದಿ ಎಂದು ಗೊತ್ತಿದ್ದಂತೆ.

ಮೀಸೆಯ ಸಂಗತಿ ಬಿಡಿ,
ಬೀಳಿಸಿಕೊಂಡವರ ಮಗ ಈಗ ಪಂಚಾಯತಿಯಲ್ಲಿದ್ದಾನೆ.

ಕರೆಂಟು ಹೋದ ರಾತ್ರಿ ಇಡೀ ಹಾಲಿಗೆ ಇದ್ದದ್ದು ನನ್ನ ಟಾರ್ಚು.
ರಂಗಕ್ಕೆ ಹಾಯಿಸಿದರೆ ನನಗೆ ಅಕ್ಷರ ಕಾಣದು,
ಇಟ್ಟುಕೊಂಡರೆ ಜನಕ್ಕೆ ಮುಖ ಕಾಣದು.
ಇಟ್ಟುಕೊಂಡೆ.
ಯಾರೂ ಎದ್ದು ಹೋಗಲಿಲ್ಲ.

ಇನ್ನು ಫೆಲ್ಸಿ.
'ತಿರುಗು ಟಪಾಲು'. ಸೈನಿಕನ ತಾಯಿಯ ಪಾತ್ರ.
ತಂತಿ ಬರುತ್ತದೆ; ಓದಿಸಿ ಕೇಳುತ್ತಾಳೆ; ಆಮೇಲೆ ಒಂದೂವರೆ ಪುಟ
ಚಂಗಪ್ಪ ಅವಳ ಬಾಯಲ್ಲಿ ಅತ್ತಿದ್ದ.
ಕಕ್ಕಡದ ತೇವ ಕುಡಿದ ನೋಟ್‌ಬುಕ್ಕು,
ಸರಿಯಾಗಿ ಅಲ್ಲೇ ಎರಡು ಹಾಳೆ ಒಂದಾಗಿತ್ತು.
ಅವಳಿಗೆ ಮೊದಲ ಪದವೇ ಮರೆತಿತ್ತು.
ಪರದೆಯತ್ತ ಕಿವಿ ಕೊಟ್ಟಳು.
ನನ್ನಿಂದ ಉಸಿರೂ ಹೋಗಲಿಲ್ಲ.

ನಿಂತಳು.
ಜನ ಕೆಮ್ಮುವುದು ನಿಂತಿತು.
ಮೆಲ್ಲ ಒಳಗೆ ಹೋಗಿ ಬಂದು, ಖಾಲಿ ಕೈಯನ್ನೇ ಲೋಟದಂತೆ ಹಿಡಿದು
ಅಂಚೆಯವನ ವೇಷದ ಹುಡುಗನಿಗೆ ನೀರು ಕೊಟ್ಟಳು.
ಅವನು ಕುಡಿದ.

ಎಪ್ಪತ್ತೊಂದರಲ್ಲಿ ಅಂಥ ತಂತಿಯನ್ನು
ಮೂರು ಮನೆಗೆ ಮುಟ್ಟಿಸಿದವನು ನಾನು.
ಎಲ್ಲೂ ಯಾರೂ ಮಾತಾಡಿರಲಿಲ್ಲ.
ಒಂದು ಮನೆಯಲ್ಲಿ, ದೂರದಿಂದ ನಡೆದು ಬಂದಿದ್ದೀ ಎಂಬಂತೆ,
ನೀರು ತಂದಿದ್ದರು.
ಇದನ್ನು ಫೆಲ್ಸಿಗೆ ನಾನು ಹೇಳಿರಲಿಲ್ಲ.
ನನ್ನ ಹೆಂಡತಿಗೂ ಹೇಳಿರಲಿಲ್ಲ.

ಆ ವರ್ಷ ಮಡಿಕೇರಿಯ ಸ್ಪರ್ಧೆಯಲ್ಲಿ
ಉತ್ತಮ ಸಂಭಾಷಣೆಯ ಬಹುಮಾನ ಚಂಗಪ್ಪನಿಗೆ ಬಂತು.
ತಟ್ಟೆ ಹಿಡಿದು ನಮ್ಮನ್ನು ನೋಡಿದ; ನಾವು ಚಪ್ಪಾಳೆ ತಟ್ಟಿದೆವು.

ಹಾಳೆಗೆ ಉಗುರು ಹಾಕಿದ್ದರೆ ಬಿಡುತ್ತಿತ್ತೋ ಏನೋ.
ಬೆರಳಿಗೆ ದಪ್ಪ ಗೊತ್ತಾಗಿತ್ತು.
ಇಷ್ಟು ಮಾತ್ರ ಹೇಳುತ್ತೇನೆ.

ಮೊನ್ನೆ ಕಾಲೇಜಿನ ಹುಡುಗಿಯರಿಬ್ಬರು ಬಂದಿದ್ದರು,
ಆ ನಾಟಕ ಮತ್ತೆ ಆಡುತ್ತಾರಂತೆ. ಪುಸ್ತಕ ಕೊಟ್ಟೆ.
ಇಲ್ಲಿ ಅಂಟಿದೆಯಲ್ಲ ಅಜ್ಜ, ಆವಿ ಹಿಡಿದು ಬಿಡಿಸಲಾ?
ಆವಿಯ ವಿದ್ಯೆ ಅಂಚೆಯವನಿಗೆ ಹೊಸದಲ್ಲ.
ಬೇಡ ಅಂದೆ.
ಹಾಗಾದರೆ ಇಲ್ಲಿ ಸುಮ್ಮನಿರಬೇಕಾ, ಎಷ್ಟು ಹೊತ್ತು?
ಒಬ್ಬ ನೀರು ಕುಡಿಯುವಷ್ಟು.